ಹೂಗುಚ್ಛದ ಪಕ್ಕದಲ್ಲಿದ್ದ ಮೂರು ಪದ

1776ರ ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿದ ಕಾಂಗ್ರೆಸ್ ಸಭೆ ಅದೇ ದಿನ ಇನ್ನೊಂದು ಪುಟ್ಟ ನಿರ್ಣಯವನ್ನೂ ಮಾಡಿತು. ಹೊಸ ದೇಶಕ್ಕೊಂದು ಮುದ್ರೆ ಬೇಕು. ಅದು ಹೇಗಿರಬೇಕೆಂದು ಬೆಂಜಮಿನ್ ಫ್ರಾಂಕ್ಲಿನ್, ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಈ ಮೂವರು ಯೋಚಿಸಿ ತಿಳಿಸಲಿ. ಬ್ರಿಟನ್ನಿನ ದೊರೆಯ ಮುದ್ರೆ ಬೇಡವೆಂದ ಮೇಲೆ ಬೇರೆ ದೇಶಗಳೊಡನೆ ಕಾಗದಪತ್ರ ಮಾಡಿಕೊಳ್ಳಲು ತಮ್ಮದೇ ಒಂದು ಇರಲೇಬೇಕಲ್ಲ. ಒಂದೆರಡು ವಾರದಲ್ಲಿ ಮುಗಿಯುವ ಕೆಲಸದಂತೆ ಕಾಣುತ್ತದೆ. ಆದರೆ ಆರು ವರ್ಷ ಹಿಡಿಯಿತು, ಒಂದಾದ ಮೇಲೊಂದು ಮೂರು ಸಮಿತಿಗಳು ಬಂದುಹೋದವು.

ಮೊದಲ ಸಮಿತಿಯ ಮೂವರೂ ಮಹಾ ಬುದ್ಧಿವಂತರು. ಆದರೆ ಮುದ್ರೆಯೆಂದರೆ ಅಂಗೈಯಗಲದ ಲೋಹದ ಬಿಲ್ಲೆ, ಅದರಲ್ಲಿ ಕೆತ್ತಿದ್ದು ಮೇಣದ ಮೇಲೆ ಮೂಡಬೇಕು ಎಂಬುದು ಮೂವರಲ್ಲಿ ಒಬ್ಬರ ತಲೆಗೂ ಹೊಳೆದಂತಿಲ್ಲ. ಫ್ರಾಂಕ್ಲಿನ್ನನಿಗೆ ಬೈಬಲಿನ ಕೆಂಪು ಸಮುದ್ರವೇ ಬೇಕು: ಮೋಸೆಸ್ ಕೋಲೆತ್ತಿ ನಿಂತಿದ್ದಾನೆ, ನೀರು ನುಗ್ಗಿ ಬಂದು ರಥದಲ್ಲಿ ಕೂತ ಫರೋಹನನ್ನು ನುಂಗುತ್ತಿದೆ. ಜೆಫರ್ಸನ್ ಒಂದು ಬದಿಗೆ ಇಸ್ರೇಲಿನ ಜನ ಹಗಲು ಮೋಡವನ್ನೂ ಇರುಳು ಬೆಂಕಿಯ ಕಂಬವನ್ನೂ ಹಿಂಬಾಲಿಸಿ ಮರುಭೂಮಿ ದಾಟುವ ಚಿತ್ರ ಇರಲೆಂದ. ಇನ್ನೊಂದು ಬದಿಗೆ ಇಂಗ್ಲೆಂಡಿಗೆ ಮೊದಲು ಬಂದ ಸ್ಯಾಕ್ಸನ್ ನಾಯಕರಾದ ಹೆಂಗಿಸ್ಟ್ ಮತ್ತು ಹೋರ್ಸಾ. ಆಡಮ್ಸ್, ಸದ್ಗುಣ ಮತ್ತು ಸುಖಲೋಲುಪತೆಯ ನಡುವೆ ನಿಂತು ಆಯ್ಕೆ ಮಾಡುವ ಹರ್ಕ್ಯುಲಿಸನನ್ನು ಯಾವುದೋ ಪುಸ್ತಕದ ಕೆತ್ತನೆಯಿಂದ ಎತ್ತಿಕೊಂಡ. ಆಗಸ್ಟ್ 14ರಂದು ಹೆಂಡತಿ ಅಬಿಗೈಲ್‌ಗೆ ಬರೆದ ಕಾಗದದಲ್ಲಿ ಇದನ್ನೆಲ್ಲ ವರದಿ ಮಾಡುತ್ತ, ತನ್ನ ಚಿತ್ರ ಮುದ್ರೆಗೆ ತೀರಾ ಜಟಿಲವಾಯಿತು, ಸ್ವಂತದ್ದೂ ಅಲ್ಲ ಎಂದು ತಾನೇ ಒಪ್ಪಿಕೊಂಡಿದ್ದಾನೆ.

ಕಡೆಗೆ ಅವರು ಚಿತ್ರ ಬರೆಯಲು ಬರುವವನೊಬ್ಬನನ್ನು ಹಿಡಿದರು. ನಮ್ಮ ಕತೆಯ ನಾಯಕ ಅವನೇ.

ಅವನ ಹೆಸರು ಪಿಯೆರ್ ಯೂಜೀನ್ ದು ಸಿಮಿತಿಯೇರ್. ಜಿನೀವಾದಲ್ಲಿ ಹುಟ್ಟಿದವನು. ಹರೆಯದಲ್ಲೇ ಹಡಗು ಹತ್ತಿ ವೆಸ್ಟ್ ಇಂಡೀಸ್ ದ್ವೀಪಗಳನ್ನು ವರ್ಷಗಟ್ಟಲೆ ಸುತ್ತಿ, ಅಮೆರಿಕದ ವಸಾಹತುಗಳಲ್ಲಿ ಅಲೆದು ಕೊನೆಗೆ ಫಿಲಡೆಲ್ಫಿಯಾದಲ್ಲಿ ನೆಲೆ ನಿಂತಿದ್ದ. ಹೊಟ್ಟೆಪಾಡಿಗೆ ಭಾವಚಿತ್ರ ಬರೆಯುತ್ತಿದ್ದ, ಪ್ರಾಣವೆಲ್ಲ ಸಂಗ್ರಹದಲ್ಲಿತ್ತು. ಚಿಪ್ಪು, ನಾಣ್ಯ, ಒಣಗಿಸಿದ ಗಿಡ, ಮೂಲನಿವಾಸಿಗಳ ಆಯುಧ, ಬೀದಿಯಲ್ಲಿ ಹಂಚಿದ ಕರಪತ್ರ, ಏನು ಸಿಕ್ಕರೂ ಮನೆಗೆ ತರುವ ಆಸಾಮಿ. ಆಡಮ್ಸ್ ಅದೇ ಕಾಗದದಲ್ಲಿ ಇವನ ಪರಿಚಯ ಮಾಡಿಕೊಡುತ್ತಾನೆ: ವಿಚಿತ್ರ ಮನುಷ್ಯ, ಈ ಕ್ರಾಂತಿಯ ಇತಿಹಾಸ ಬರೆಯಲು ಸಾಮಗ್ರಿ ಕೂಡಿಹಾಕುತ್ತಿದ್ದಾನೆ, ಚಹಾದ ಹಡಗುಗಳ ಮೊದಲ ಸುದ್ದಿಯಿಂದ ಹಿಡಿದು ವೃತ್ತಪತ್ರಿಕೆಯ ಪ್ರತಿಯೊಂದು ತುಣುಕನ್ನೂ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸುತ್ತಾನೆ. ಈ ಕತ್ತರಿ ಮತ್ತು ಅಂಟನ್ನು ಓದುಗರು ನೆನಪಿನಲ್ಲಿಡಬೇಕು.

ದು ಸಿಮಿತಿಯೇರ್ ಪೆನ್ಸಿಲಿನಲ್ಲಿ ಬರೆದುಕೊಟ್ಟ ನಕ್ಷೆ ಜೆಫರ್ಸನ್ನನ ಕಾಗದಗಳ ಜೊತೆ ಉಳಿದು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ನಡುವೆ ಒಂದು ಗುರಾಣಿ, ಅದರಲ್ಲಿ ಆರು ಮನೆ. ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಮುಳ್ಳುಹೂವು, ಐರ್ಲೆಂಡಿನ ಹಾರ್ಪ್, ಫ್ರಾನ್ಸಿನ ಲಿಲ್ಲಿ, ಜರ್ಮನಿಯ ಹದ್ದು, ಹಾಲೆಂಡಿನ ಸಿಂಹ. ಅಮೆರಿಕದ ಜನ ಎಲ್ಲಿಂದ ಬಂದರೋ ಆ ದೇಶಗಳ ಲಾಂಛನಗಳು. ಸುತ್ತ ಹದಿಮೂರು ಪುಟ್ಟ ಗುರಾಣಿ, ಒಂದೊಂದರಲ್ಲೂ ಒಂದೊಂದು ರಾಜ್ಯದ ಹೆಸರಿನ ಮೊದಲಕ್ಷರ, ಎಲ್ಲವನ್ನೂ ಬಿಗಿದ ಒಂದು ಸರಪಳಿ. ಒಂದು ಪಕ್ಕ ಸ್ವಾತಂತ್ರ್ಯದೇವಿ, ಇನ್ನೊಂದು ಪಕ್ಕ ಕೋವಿ ಮತ್ತು ಕೈಗೊಡಲಿ ಹಿಡಿದ ಅಮೆರಿಕದ ಬೇಟೆಗಾರ ಸಿಪಾಯಿ. ಈ ಉಡುಪು ಅಮೆರಿಕಕ್ಕೇ ವಿಶಿಷ್ಟ ಎಂಬ ಹೆಮ್ಮೆ ಎಲ್ಲರಿಗೂ ಇತ್ತು. ಅಷ್ಟರಲ್ಲಿ ಫ್ರಾಂಕ್ಲಿನ್ ರೋಮನ್ ಸೈನಿಕರ ವೇಷಭೂಷಣದ ಪುಸ್ತಕವೊಂದನ್ನು ತೆಗೆದು, ಅದರಲ್ಲಿ ಥೇಟ್ ಅಂಥದ್ದೇ ಉಡುಪು ತೋರಿಸಿದನಂತೆ. ಮೇಲುಗಡೆ ತ್ರಿಕೋನದೊಳಗೆ ದೇವರ ಕಣ್ಣು. ಕೆಳಗೆ ಪಟ್ಟಿಯಲ್ಲಿ ಮೂರು ಲ್ಯಾಟಿನ್ ಪದ: ‘ಎ ಪ್ಲೂರಿಬುಸ್ ಊನುಮ್’. ಹಲವರಿಂದ ಒಂದು.

ಆಡಮ್ಸ್ ಸಿಪಾಯಿಯ ಉಡುಪನ್ನು ಹೆಂಡತಿಗೆ ಬಣ್ಣಿಸಿದ, ಈ ಮೂರು ಪದಗಳ ಮಾತೆತ್ತಲಿಲ್ಲ. ಆಗಸ್ಟ್ 20ರಂದು ಸಮಿತಿ ವರದಿ ಒಪ್ಪಿಸಿದಾಗ ಸಿಪಾಯಿಯ ಜಾಗಕ್ಕೆ ನ್ಯಾಯದೇವತೆ ಬಂದಿದ್ದಳು, ಹಿಂಬದಿಯಲ್ಲಿ ಫ್ರಾಂಕ್ಲಿನ್ನನ ಫರೋಹ ಮುಳುಗುತ್ತಿದ್ದ, ಲ್ಯಾಟಿನ್ ಪದಗಳು ಇದ್ದಲ್ಲೇ ಇದ್ದವು. ಕಾಂಗ್ರೆಸ್ ವರದಿಯನ್ನು ಮೇಜಿನ ಮೇಲಿಡಲು ಹೇಳಿತು. ಕಚೇರಿ ಕಂಡವರಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ.

ಈ ಮೂರು ಪದ ಎಲ್ಲಿಂದ ಬಂದವು? ಮುಂದೆ ಇವು ದೇಶದ ಮುದ್ರೆಯನ್ನೂ ನಾಣ್ಯಗಳನ್ನೂ ಏರಿ ಕೂತ ಮೇಲೆ ವಿದ್ವಾಂಸರಿಗೆ ಈ ಪ್ರಶ್ನೆ ಕಾಡತೊಡಗಿತು. ಇಂಥ ಹುಡುಕಾಟದಲ್ಲಿ ಒಂದು ಚಪಲ ಇರುತ್ತದೆ. ದೊಡ್ಡ ದೇಶದ ಮಾತಿಗೆ ದೊಡ್ಡ ಮನೆತನವೇ ಇರಬೇಕು ಎಂಬ ಆಸೆ ಅದು. ಸಾಲದ್ದಕ್ಕೆ ಇದೇ ಮುದ್ರೆಯ ಹಿಂಬದಿಯಲ್ಲಿ ಆಮೇಲೆ ಸೇರಿದ ಎರಡು ಲ್ಯಾಟಿನ್ ನುಡಿಗಳು ವರ್ಜಿಲ್ ಮಹಾಕವಿಯಿಂದ ಬಂದವು. ಮೂರನೆಯದನ್ನೂ ಅವನ ಖಾತೆಗೇ ಬರೆಯಲು ಕೈ ತುರಿಸುವುದು ಸಹಜ.

ಬರ್ಕ್ಲಿಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಮನ್ರೋ ಡಾಯ್ಚ್ 1923ರಲ್ಲಿ ‘ಕ್ಲಾಸಿಕಲ್ ಜರ್ನಲ್’ನಲ್ಲಿ ಈ ನುಡಿಯ ಮೇಲೆಯೇ ಒಂದು ದೀರ್ಘ ಲೇಖನ ಬರೆದ. ಈ ಮಾತಿನ ಛಾಯೆ ಹಳೆಯ ಲ್ಯಾಟಿನ್ನಿನಲ್ಲಿ ಅಲ್ಲಲ್ಲಿ ಸಿಗುತ್ತದೆ. ಸಿಸೆರೋ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ನೇಹದ ಪ್ರಸ್ತಾಪ ಮಾಡುತ್ತ, ಒಬ್ಬರನ್ನೊಬ್ಬರು ತಮ್ಮಷ್ಟೇ ಪ್ರೀತಿಸಿದರೆ ಹಲವರು ಒಬ್ಬರಾಗುತ್ತಾರೆ ಎಂಬುದನ್ನು ಪೈಥಾಗೊರಸನ ಮಾತೆಂದು ಹೇಳುತ್ತಾನೆ. ಸಂತ ಆಗಸ್ಟಿನ್ ಆತ್ಮಕಥೆಯಲ್ಲಿ, ಗೆಳೆಯನೊಬ್ಬ ಸತ್ತ ದುಃಖದಲ್ಲಿದ್ದಾಗ ಕಾರ್ತೇಜಿನ ಹೊಸ ಗೆಳೆಯರ ನಗು, ಹರಟೆ, ಜಗಳಗಳು ಮನಸ್ಸುಗಳನ್ನು ಬೆಸೆದು ಒಂದು ಮಾಡಿದ್ದನ್ನು ನೆನೆಯುತ್ತಾನೆ. ಹೊರೇಸನದು ತಿರುವುಮುರುವು: ಹಲವು ಮುಳ್ಳು ಚುಚ್ಚಿರುವಾಗ ಒಂದನ್ನು ಕಿತ್ತರೆ ಏನು ಬಂತು ಎಂದು ಅವನು ಕೇಳುತ್ತಾನೆ. ಪದಗಳು ಹತ್ತಿರದವೇ, ಅರ್ಥ ಮಾತ್ರ ಬಲು ದೂರ.

ಪದಕ್ಕೆ ಪದ ತಾಳೆಯಾಗುವ ಮೂಲವೊಂದಿದೆ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಆದರೆ ಅದು ಸಿಗುವುದು ಸಾಮ್ರಾಜ್ಯ, ಯುದ್ಧ, ಸ್ನೇಹ ಯಾವುದರಲ್ಲೂ ಅಲ್ಲ, ಅಡುಗೆಮನೆಯಲ್ಲಿ.

‘ಮೊರೇಟುಮ್’ ಎಂಬುದು ನೂರಿಪ್ಪತ್ತು ಚಿಲ್ಲರೆ ಸಾಲಿನ ಕವಿತೆ. ಬಹುಕಾಲ ವರ್ಜಿಲನ ಎಳೆತನದ ರಚನೆಯೆಂದು ಅವನ ಕಟ್ಟಿನಲ್ಲೇ ಸೇರಿಕೊಂಡಿತ್ತು. ಈಗಿನ ವಿದ್ವಾಂಸರು ಅವನದೆಂದು ಒಪ್ಪುವುದಿಲ್ಲ. ಯಾರೇ ಬರೆದಿರಲಿ, ಕಣ್ಣು ಚುರುಕಾಗಿದ್ದ ಕವಿ. ಚಳಿಗಾಲದ ನಸುಕು. ಕೋಳಿ ಕೂಗಿದೆ. ಸಿಮುಲುಸ್ ಎಂಬ ಬಡ ರೈತ ಹಾಸಿಗೆಯಿಂದೆದ್ದು ಕತ್ತಲಲ್ಲಿ ತಡವರಿಸುತ್ತ ಒಲೆ ಹುಡುಕುತ್ತಾನೆ. ಕೈಗೆ ಚುರ್ ಎಂದಾಗ ಒಲೆ ಸಿಕ್ಕಿತೆಂದು ಗೊತ್ತಾಗುತ್ತದೆ. ಬೂದಿಯೊಳಗಿನ ಕೆಂಡ ಊದಿ ದೀಪ ಹಚ್ಚಿ, ಕಾಳು ಅಳೆದು ತಂದು ಬೀಸುಕಲ್ಲಿನ ಮುಂದೆ ಕೂರುತ್ತಾನೆ. ಒಂದು ಕೈ ದಣಿದರೆ ಇನ್ನೊಂದು ಕೈ. ಬೇಸರ ಕಳೆಯಲು ಹಳ್ಳಿಯ ಹಾಡು. ಬೀಸುವ ಪದ ರೋಮನ್ನರಲ್ಲೂ ಇತ್ತು ನೋಡಿ. ಮನೆಯಲ್ಲಿರುವ ಇನ್ನೊಂದು ಜೀವ ಸ್ಕಿಬಾಲೆ ಎಂಬ ಆಫ್ರಿಕದ ಹೆಂಗಸು. ಒಲೆಗೆ ಸೌದೆ ಒಟ್ಟಿ ನೀರು ಕಾಯಿಸಲು ಅವಳನ್ನು ಕೂಗುತ್ತಾನೆ. ಹಿಟ್ಟು ನಾದಿ ರೊಟ್ಟಿ ತಟ್ಟಿ ಒಲೆಯಲ್ಲಿಟ್ಟದ್ದಾಯಿತು. ನೆಂಚಿಕೊಳ್ಳಲು ಏನು? ಮಾಡಿನಿಂದ ಮಾಂಸವೇನೂ ತೂಗುತ್ತಿಲ್ಲ, ಒಂದು ಗುಂಡು ಚೀಸ್ ಮಾತ್ರ ಇದೆ. ಹಿತ್ತಲಿಗೆ ಹೋಗಿ ನಾಲ್ಕು ಗಡ್ಡೆ ಬೆಳ್ಳುಳ್ಳಿ ಕೀಳುತ್ತಾನೆ. ಕೊತ್ತಂಬರಿ, ಸೆಲರಿ ಜಾತಿಯ ಸೊಪ್ಪು, ಘಾಟು ವಾಸನೆಯ ಇನ್ನೊಂದು ಸೊಪ್ಪು ಹರಿದು ತರುತ್ತಾನೆ. ಕಲ್ಲಿನ ಒರಳನ್ನು ಮುಂದಿಟ್ಟುಕೊಂಡು, ಬೆಳ್ಳುಳ್ಳಿಗೆ ಉಪ್ಪು ಮತ್ತು ಚೀಸ್ ಸೇರಿಸಿ, ಸೊಪ್ಪನ್ನೂ ಹಾಕಿ ಕುಟ್ಟತೊಡಗುತ್ತಾನೆ. ಘಾಟು ಮೂಗಿಗೇರಿ ಕಣ್ಣಲ್ಲಿ ನೀರು. ಮುಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಏನೂ ತಪ್ಪು ಮಾಡದ ಹೊಗೆಯನ್ನು ಬೈಯುತ್ತಾನೆ.

ಕುಟ್ಟುತ್ತ ಕುಟ್ಟುತ್ತ ಒಂದೊಂದು ಪದಾರ್ಥವೂ ತನ್ನ ಗುಣ ಬಿಟ್ಟುಕೊಡುತ್ತದೆ. ಹಲವು ಬಣ್ಣ ಹೋಗಿ ಒಂದೇ ಬಣ್ಣ ಬರುತ್ತದೆ ಎಂದು ಕವಿ ಹೇಳುವುದು ಇಲ್ಲೇ. ಮರುಕ್ಷಣದಲ್ಲಿ ತಿದ್ದುಪಡಿಯನ್ನೂ ಹಾಕುತ್ತಾನೆ: ಚೀಸಿನ ಬಿಳುಪು ಬಿಡದ್ದರಿಂದ ಪೂರ್ತಿ ಹಸಿರಲ್ಲ, ಸೊಪ್ಪು ಇಷ್ಟಿರುವುದರಿಂದ ಬೆಳ್ಳಗೂ ಇಲ್ಲ. ಆಮೇಲೆ ಎಣ್ಣೆ, ಒಂದಿಷ್ಟು ಹುಳಿರಸ. ಎರಡು ಬೆರಳಲ್ಲಿ ಒರಳು ಬಳಿದು ಉಂಡೆ ಕಟ್ಟಿದರೆ ಮೊರೇಟುಮ್ ತಯಾರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒರಳಲ್ಲಿ ಕುಟ್ಟಿದ ಚಟ್ನಿ.

ಅಮೆರಿಕದ ರಾಷ್ಟ್ರೀಯ ನುಡಿ ಬೆಳ್ಳುಳ್ಳಿ ಚಟ್ನಿಯಿಂದ ಬಂದಿತೆಂಬ ಕತೆ ಕೇಳಲು ಸೊಗಸು. ಅದಕ್ಕೇ ಅದು ಇಷ್ಟು ಹಬ್ಬಿದೆ. ಆದರೆ ದು ಸಿಮಿತಿಯೇರ್ ರೋಮನ್ ಕವಿಯ ಅಡುಗೆಮನೆಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಆ ಮೂರು ಪದಗಳು, ಒಂದಕ್ಷರವೂ ಬದಲಾಗದೆ, ಆ ಕಾಲದ ಓದುಬರಹ ಬಲ್ಲ ಇಂಗ್ಲಿಷ್ ಮನೆಗಳ ಕಪಾಟಿನಲ್ಲಿದ್ದವು.

1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಎಂಬಾತ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆ ಶುರು ಮಾಡಿದ. ಕೇವ್ ಚಮ್ಮಾರನ ಮಗ. ಅಂಚೆ ಕಚೇರಿಯಲ್ಲಿ ದುಡಿದವನು. ಲಂಡನ್ನಿನ ಪತ್ರಿಕೆಗಳು ಬರೆದದ್ದರ ಸಾರವನ್ನೆಲ್ಲ ತಿಂಗಳಿಗೊಮ್ಮೆ ಒಂದೇ ಕಡೆ ಕೊಡಬೇಕೆಂಬ ಹಂಚಿಕೆಯನ್ನು ಪ್ರಕಾಶಕರ ಮುಂದಿಟ್ಟಾಗ ಯಾರೂ ಕಿವಿಗೊಡಲಿಲ್ಲ. ತಾನೇ ಹೊರಟ. ಮ್ಯಾಗಜೀನ್ ಎಂದರೆ ಅಲ್ಲಿಯವರೆಗೆ ಉಗ್ರಾಣ, ಮದ್ದಿನಮನೆ. ಪತ್ರಿಕೆಗೆ ಆ ಹೆಸರು ಅಂಟಿದ್ದು ಅವನಿಂದ. ವರ್ಷದ ಸಂಚಿಕೆಗಳನ್ನು ಒಟ್ಟು ಹೊಲಿದ ಸಂಪುಟದ ಮೊದಲ ಪುಟದಲ್ಲಿ, ಹಲವು ಜಾತಿಯ ಹೂಗಳ ಗುಚ್ಛವೊಂದನ್ನು ಹಿಡಿದ ಕೈಯ ಚಿತ್ರ. ಅದರ ಪಕ್ಕದಲ್ಲಿ ‘ಎ ಪ್ಲೂರಿಬುಸ್ ಊನುಮ್’. ಹಲವು ಪತ್ರಿಕೆಗಳಿಂದ ಒಂದು ಪತ್ರಿಕೆ ಎಂಬುದಷ್ಟೇ ಅಲ್ಲಿ ಅದರ ಅರ್ಥ. ವ್ಯಾಪಾರದ ಮಾತು, ತುಸು ತಮಾಷೆಯದೂ ಹೌದು.

ಕೇವ್ ಅದನ್ನು ಹುಟ್ಟಿಸಿದವನಲ್ಲ, ತನಗಿಂತ ಸುಮಾರು ನಾಲ್ಕು ದಶಕ ಹಿಂದಿನ ಒಂದು ಪತ್ರಿಕೆಯಿಂದ ಎತ್ತಿಕೊಂಡವನು. 1692ರಲ್ಲಿ ಪೀಟರ್ ಆಂಟನಿ ಮೊಟ್ಯೂ ಲಂಡನ್ನಿನಲ್ಲಿ ‘ಜೆಂಟಲ್‌ಮನ್ಸ್ ಜರ್ನಲ್’ ನಡೆಸಿದ. ಕವಿತೆ, ಸುದ್ದಿ, ಒಗಟು, ಹಾಡು, ವಿಜ್ಞಾನ ಎಲ್ಲ ಬೆರೆತ ಪತ್ರಿಕೆ. ಈ ನುಡಿ ಅದರ ಮೇಲಿತ್ತು. ಮೊಟ್ಯೂ ಫ್ರಾನ್ಸಿನ ರೂಆನ್ ಪಟ್ಟಣದವನು, ಪ್ರಾಟೆಸ್ಟಂಟ್. 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ಹಕ್ಕನ್ನು ಕಿತ್ತುಕೊಂಡಾಗ ಇಂಗ್ಲೆಂಡಿಗೆ ಓಡಿಬಂದ ನಿರಾಶ್ರಿತ. ಬಂದ ದೇಶದ ಭಾಷೆಯನ್ನು ಎಷ್ಟು ಕರಗತ ಮಾಡಿಕೊಂಡನೆಂದರೆ ‘ಡಾನ್ ಕ್ವಿಕ್ಸೋಟ್’ ಅನ್ನು ಇಂಗ್ಲಿಷಿಗೆ ತಂದ, ನಾಟಕಗಳನ್ನು ಬರೆದ. ಕೊನೆಗಾಲದಲ್ಲಿ ಬರಹ ಬಿಟ್ಟು, ಲೆಡನ್‌ಹಾಲ್ ಬೀದಿಯಲ್ಲಿ ಅಂಗಡಿಯಿಟ್ಟು ಪೂರ್ವದೇಶಗಳಿಂದ ಬರುತ್ತಿದ್ದ ರೇಷ್ಮೆ, ಚಹಾ ಮಾರಿಕೊಂಡಿದ್ದ. ‘ಮೊರೇಟುಮ್’ ಕವಿತೆಯ ಮಾತು ಪತ್ರಿಕೆಗೆ ದಾಟಿದ್ದೇ ಹೌದಾದರೆ, ಒಂದಕ್ಷರ ತಿದ್ದಿಸಿಕೊಂಡು ಬಣ್ಣದ ಅರ್ಥ ಕಳಚಿಕೊಂಡದ್ದು ಈ ಹಂತದಲ್ಲಿ. ಚಟ್ನಿಯ ಕತೆಗೆ ನಾನು ಕೊಡುವ ಸ್ಥಾನ ಇಷ್ಟೇ.

ಪತ್ರಿಕೆಯಿಂದ ದು ಸಿಮಿತಿಯೇರ್ ಮೇಜಿಗೆ ಇದು ಬಂದುದಕ್ಕೆ ಸಹಿ ಮಾಡಿದ ರಸೀದಿಯೇನೂ ಇಲ್ಲ, ಸಾಂದರ್ಭಿಕ ಸಾಕ್ಷ್ಯವಿದೆ. ಕೇವನ ಪತ್ರಿಕೆ ಅಟ್ಲಾಂಟಿಕ್ ದಾಟಿ ವಸಾಹತುಗಳಿಗೆ ಬರುತ್ತಿತ್ತು. ಫ್ರಾಂಕ್ಲಿನ್ನನ ವಿದ್ಯುತ್ ಪ್ರಯೋಗಗಳ ಪುಸ್ತಕವನ್ನು 1751ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದವನೇ ಕೇವ್. ಅದಕ್ಕೂ ಹತ್ತು ವರ್ಷ ಮೊದಲು ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಇಂಥದ್ದೇ ಒಂದು ಮಾಸಪತ್ರಿಕೆಗೆ ಕೈ ಹಾಕಿ ಕೆಲವೇ ತಿಂಗಳಲ್ಲಿ ನಿಲ್ಲಿಸಿದ್ದ. ಸಮಿತಿಯಲ್ಲಿ ಕೂತವರಿಗೆ ಹೂಗುಚ್ಛದ ಪಕ್ಕದ ಆ ನುಡಿ ಕಣ್ಣಿಗೆ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಇನ್ನು ದು ಸಿಮಿತಿಯೇರ್? ದಿನವಿಡೀ ಪತ್ರಿಕೆ ಕತ್ತರಿಸಿ ಅಂಟಿಸುತ್ತ ಕೂತವನಿಗೆ, ಹಲವು ಪತ್ರಿಕೆ ಸೇರಿಸಿ ಒಂದು ಮಾಡಿದ ಪತ್ರಿಕೆಯ ನುಡಿಗಿಂತ ಹತ್ತಿರದ್ದು ಯಾವುದಿದ್ದೀತು. ಇಂಗ್ಲಿಷ್ ನಿಘಂಟು ಬರೆದ ಡಾಕ್ಟರ್ ಜಾನ್ಸನ್ನನಂಥವನು ಬರೆಯುತ್ತಿದ್ದ ಪತ್ರಿಕೆಯದು ಎಂದಾಗ ಅದರಲ್ಲಿ ಕೀಳರಿಮೆ ಪಡುವಂಥದ್ದೂ ಏನಿಲ್ಲ.

ವಲಸಿಗನೊಬ್ಬ ಲಂಡನ್ನಿನಲ್ಲಿ ಬಳಸಿದ ಮಾತನ್ನು ಇನ್ನೊಬ್ಬ ವಲಸಿಗ ಫಿಲಡೆಲ್ಫಿಯಾದಲ್ಲಿ ಎತ್ತಿಕೊಂಡ. ಆರು ದೇಶದ ಲಾಂಛನಗಳ ಕೆಳಗಿಟ್ಟ. ಅವನ ಕೈಯಲ್ಲಿ ‘ಹಲವು’ ಎಂದರೆ ಹಲವು ಕಡೆಯಿಂದ ಬಂದ ಜನ. ಹಾಗೆಂದು ಆ ಆರು ಮನೆಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. 1790ರ ಮೊದಲ ಜನಗಣತಿಯ ಪ್ರಕಾರ ದೇಶದ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದಷ್ಟು ಮಂದಿ ಗುಲಾಮರು. ವೆಸ್ಟ್ ಇಂಡೀಸಿನ ತೋಟಗಳನ್ನು ಕಣ್ಣಾರೆ ಕಂಡವನ ಗುರಾಣಿಯಲ್ಲಿ ಆಫ್ರಿಕ ಇಲ್ಲ. ಸಿಮುಲುಸನ ಮನೆಯಲ್ಲಿ ಸ್ಕಿಬಾಲೆಗಾದರೂ ಒಂದು ಹೆಸರಿತ್ತು. ಆ ನೆಲದ ಮೂಲನಿವಾಸಿಗಳಿಂದ ಗುರುತಾಗಿ ಬಂದದ್ದು ಸಿಪಾಯಿಯ ಕೈಗೊಡಲಿ ಒಂದೇ, ಅದನ್ನೂ ಸಮಿತಿ ತೆಗೆದುಹಾಕಿತು.

1780ರಲ್ಲಿ ಎರಡನೆಯ ಸಮಿತಿ ಬಂತು. ಫ್ರಾನ್ಸಿಸ್ ಹಾಪ್ಕಿನ್ಸನ್ ಬರೆದುಕೊಟ್ಟ ಹೊಸ ಚಿತ್ರದಲ್ಲಿ ಯುದ್ಧಕ್ಕೂ ಶಾಂತಿಗೂ ಸಿದ್ಧ ಎಂಬರ್ಥದ ಬೇರೆ ಲ್ಯಾಟಿನ್ ನುಡಿ ಇತ್ತು. 1782ರ ಮೇ ತಿಂಗಳಲ್ಲಿ ಮೂರನೆಯ ಸಮಿತಿ. ಲಾಂಛನಶಾಸ್ತ್ರ ಬಲ್ಲ ತರುಣ ವಿಲಿಯಂ ಬಾರ್ಟನ್ ತನ್ನ ವಿದ್ಯೆಯನ್ನೆಲ್ಲ ಸುರಿದು ಇನ್ನೂ ಕಿಕ್ಕಿರಿದ ಚಿತ್ರ ಮಾಡಿದ. ‘ಎ ಪ್ಲೂರಿಬುಸ್ ಊನುಮ್’ ಎರಡರಲ್ಲೂ ಇಲ್ಲ. ಕಡತದಲ್ಲೇ ಸತ್ತುಹೋಗುವುದಿತ್ತು.

ಅದನ್ನು ಬದುಕಿಸಿದವನು ಕಾಂಗ್ರೆಸ್ಸಿನ ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್. ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಹಡಗಿನಲ್ಲಿ ಬರುವಾಗಲೇ ತಂದೆಯನ್ನು ಕಳೆದುಕೊಂಡು, ತಬ್ಬಲಿಯಾಗಿ ಅಮೆರಿಕದ ದಡ ಮುಟ್ಟಿದವನು. ಮುಂದೆ ಫಿಲಡೆಲ್ಫಿಯಾದಲ್ಲಿ ಲ್ಯಾಟಿನ್ ಮೇಷ್ಟ್ರಾಗಿದ್ದವನು. ಜೂನ್ 13ರಂದು ಮೂರು ಸಮಿತಿಗಳ ಕಾಗದವನ್ನೂ ಅವನ ಕೈಗೆ ಕೊಟ್ಟರು. ಥಾಮ್ಸನ್ ಒಂದೊಂದರಿಂದ ಬೇಕಾದ್ದನ್ನು ಆರಿಸಿಕೊಂಡ. ಬಾರ್ಟನ್ನನ ಚಿತ್ರದಲ್ಲಿದ್ದ ಸಣ್ಣ ಹದ್ದನ್ನು ನಡುವಿಗೆ ತಂದು ಅಮೆರಿಕದ ಬಿಳಿತಲೆಯ ಹದ್ದನ್ನಾಗಿಸಿದ. ಒಂದು ಕಾಲಿಗೆ ಆಲಿವ್ ಕೊಂಬೆ, ಇನ್ನೊಂದಕ್ಕೆ ಬಾಣಗಳ ಕಟ್ಟು. ಮೊದಲ ಸಮಿತಿಯ ಹಳೆಯ ವರದಿಯಿಂದ ಮೂರು ಪದಗಳನ್ನು ತೆಗೆದು ಪಟ್ಟಿಯ ಮೇಲೆ ಬರೆದು ಹದ್ದಿನ ಕೊಕ್ಕಿಗೆ ಕಚ್ಚಿಸಿದ. ದೇವತೆಗಳು, ಫರೋಹ, ಸಿಪಾಯಿ ಎಲ್ಲ ಹೊರಗೆ. ಆರು ವರ್ಷ ಎಳೆದಾಡಿದ್ದು ಒಂದು ವಾರದಲ್ಲಿ ಮುಗಿಯಿತು. ಜೂನ್ 20ರಂದು ಕಾಂಗ್ರೆಸ್ ಒಪ್ಪಿತು. ಪತ್ರಿಕೆ ಸಂಪಾದಕನ ಕೆಲಸವೆಂದರೆ ಇದೇ ಅಲ್ಲವೇ.

ಆದರೆ ಈ ಸಂಪಾದನೆಯಲ್ಲಿ ಅರ್ಥ ಜಾರಿತು. ಥಾಮ್ಸನ್ ಆರು ದೇಶಗಳ ಲಾಂಛನ ಇದ್ದ ಗುರಾಣಿಯನ್ನು ಉಳಿಸಿಕೊಳ್ಳಲಿಲ್ಲ. ಅದರ ಬದಲು ಹದಿಮೂರು ಪಟ್ಟೆಗಳು, ಅವನ್ನು ಮೇಲಿಂದ ಹಿಡಿದ ನೀಲಿ ಅಡ್ಡಪಟ್ಟಿ. ಪಟ್ಟೆಗಳು ರಾಜ್ಯಗಳು, ನೀಲಿ ಕಾಂಗ್ರೆಸ್, ನುಡಿ ಈ ಒಕ್ಕೂಟವನ್ನು ಸೂಚಿಸುತ್ತದೆ ಎಂದು ಅವನೇ ವಿವರಣೆ ಬರೆದಿಟ್ಟ. ಅಲ್ಲಿಂದ ಮುಂದೆ ‘ಹಲವು’ ಎಂದರೆ ಹದಿಮೂರು ಸರ್ಕಾರಗಳು. ಆ ನುಡಿಯ ರೋಮನ್ ಅಕ್ಷರ ಎಣಿಸಿದರೂ ಹದಿಮೂರೇ ಬರುತ್ತದೆ. ಹದಿಮೂರರ ಹುಚ್ಚು ಹಿಡಿದ ಮುದ್ರೆಗೆ ಇದು ಕೂಡಿಬಂದ ಅದೃಷ್ಟ. ವಲಸೆಗಾರರ ದೇಶವೆಂಬ ಅರ್ಥದಲ್ಲಿ ಇಂದು ಅಮೆರಿಕದ ನಾಯಕರು ಭಾಷಣಗಳಲ್ಲಿ ಈ ಮಾತನ್ನು ಬಳಸುವಾಗ ಅವರಿಗೆ ಗೊತ್ತಿಲ್ಲದೆಯೇ ಥಾಮ್ಸನ್ನನನ್ನು ಬಿಟ್ಟು ದು ಸಿಮಿತಿಯೇರ್ ಕಡೆಗೆ ಹೋಗುತ್ತಿರುತ್ತಾರೆ.

ಇಷ್ಟು ಮೆರೆದರೂ ಇದನ್ನು ದೇಶದ ಅಧಿಕೃತ ಧ್ಯೇಯವಾಕ್ಯವೆಂದು ಸಾರುವ ಕಾಯಿದೆ ಮಾತ್ರ ಆಗಲೇ ಇಲ್ಲ. ನಾಣ್ಯಗಳ ಮೇಲೆ ಇರಬೇಕೆಂದು 1873ರ ಕಾನೂನು ಹೇಳಿತು, ಅಷ್ಟೇ. 1956ರ ಜುಲೈ 30ರಂದು ಅಧಿಕೃತ ಪಟ್ಟ ಸಿಕ್ಕಿದ್ದು ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಇಂಗ್ಲಿಷ್ ವಾಕ್ಯಕ್ಕೆ. ಎರಡೂ ಈಗ ಒಂದೇ ನಾಣ್ಯದಲ್ಲಿ ಹೊಂದಿಕೊಂಡಿವೆ.

ದು ಸಿಮಿತಿಯೇರ್ ಮುದ್ರೆ ಅಂಗೀಕಾರವಾದ ಅದೇ 1782ರಲ್ಲಿ ತನ್ನ ಸಂಗ್ರಹವನ್ನು ‘ಅಮೆರಿಕನ್ ಮ್ಯೂಸಿಯಂ’ ಎಂಬ ಹೆಸರಿನಲ್ಲಿ ಜನರಿಗೆ ತೆರೆದ. ಟಿಕೇಟಿನ ದುಡ್ಡು ಹೊಟ್ಟೆಗೂ ಸಾಲಲಿಲ್ಲ. 1784ರಲ್ಲಿ ಬಡತನದಲ್ಲೇ ತೀರಿಕೊಂಡ. ಮರುವರ್ಷ ಅವನ ಚಿಪ್ಪು, ನಾಣ್ಯ, ಕಾಗದಗಳೆಲ್ಲ ಹರಾಜಾದವು. ಅಂಟಿಸಿಟ್ಟ ತುಣುಕುಗಳಲ್ಲಿ ಬಹಳಷ್ಟನ್ನು ಫ್ರಾಂಕ್ಲಿನ್ ಕಟ್ಟಿದ್ದ ಲೈಬ್ರರಿ ಕಂಪನಿ ಕೊಂಡುಕೊಂಡಿತು. ಬರೆಯಬೇಕೆಂದಿದ್ದ ಇತಿಹಾಸ ಬರಲಿಲ್ಲ.

ಅವನು ಸತ್ತ ಎರಡು ವರ್ಷಕ್ಕೆ, 1786ರಲ್ಲಿ, ನ್ಯೂಜೆರ್ಸಿ ರಾಜ್ಯ ತನ್ನದೇ ತಾಮ್ರದ ಕಾಸು ಹೊರಡಿಸಿತು. ಒಂದು ಶಿಲ್ಲಿಂಗಿಗೆ ಹದಿನೈದು. ‘ಎ ಪ್ಲೂರಿಬುಸ್ ಊನುಮ್’ ಮೊದಲು ಅಚ್ಚಾದ ನಾಣ್ಯ ಇದೇ. ಹಿಂಬದಿಯಲ್ಲಿ ಪಟ್ಟೆಯ ಗುರಾಣಿ, ಸುತ್ತ ಆ ನುಡಿ. ಮುಂಬದಿಯಲ್ಲಿ ಕುದುರೆಯ ತಲೆ, ಕೆಳಗೊಂದು ನೇಗಿಲು. ಇವೆರಡೂ ಬಂದದ್ದು ನ್ಯೂಜೆರ್ಸಿಯ ರಾಜ್ಯಮುದ್ರೆಯಿಂದ, ಆ ಮುದ್ರೆಯ ಚಿತ್ರ ಬರೆದುಕೊಟ್ಟವನೂ ದು ಸಿಮಿತಿಯೇರ್. ಕಾಸಿನ ಎರಡೂ ಮುಖದಲ್ಲಿ ಅವನ ಗುರುತಿದೆ. ಹೆಸರು ಎಲ್ಲೂ ಇಲ್ಲ.